ಯಾವ ಗೇಮ್ ತಗೊಳ್ಲಿ, ಯಾರ ರಿವ್ಯೂ ನಂಬಲಿ? ಹಾಸನದ ಗೆಳೆಯರು ಪದೇ ಪದೇ ಕೇಳುವ ಪ್ರಶ್ನೆಗಳು

ಪಿಸಿ ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ಸೇಲ್ ಶುರುವಾದ ದಿನ, ಸಂಬಳ ಬಂದ ವಾರ, ದೀಪಾವಳಿ ಬೋನಸ್ ಕೈಗೆ ಸೇರಿದಾಗ ನನಗೆ ಬರುವ ಮೆಸೇಜುಗಳು ಹೆಚ್ಚುಕಮ್ಮಿ ಒಂದೇ ಥರ ಇರುತ್ತವೆ. ಕೇಳುವವರು ಇಂಜಿನಿಯರಿಂಗ್ ಓದುವ ಹುಡುಗರು, ಸಕಲೇಶಪುರ, ಮೂಡಿಗೆರೆ ಕಡೆ ತೋಟ ನೋಡಿಕೊಳ್ಳುವ ಗೆಳೆಯರು, ಮಗನಿಗೆ ಕಂಪ್ಯೂಟರ್ ಕೊಡಿಸಲೋ ಬೇಡವೋ ಅಂತ ಯೋಚಿಸುವ ಅಪ್ಪಂದಿರು. ಹೊಸ ದೊಡ್ಡ ಗೇಮ್ ಒಂದಕ್ಕೆ ಮೂರು ನಾಲ್ಕು ಸಾವಿರ ರೂಪಾಯಿ ಆಗುತ್ತೆ. ಅಷ್ಟು ದುಡ್ಡು ಹಾಕುವವರಿಗೆ ‘ಸೂಪರ್ ಆಗಿದೆ, ತಗೋ’ ಅಂತ ಒಂದು ಸಾಲು ಬರೆದು ಸುಮ್ಮನಾಗೋಕೆ ನನಗೆ ಮನಸ್ಸಾಗಲ್ಲ. ಅದಕ್ಕೇ ಇಷ್ಟು ಉದ್ದದ ಉತ್ತರಗಳು.

ಮೆಟಾಕ್ರಿಟಿಕ್‌ನಲ್ಲಿ 90 ಇದೆ ಅಣ್ಣ, ಕಣ್ಣು ಮುಚ್ಕೊಂಡು ತಗೋಬಹುದಾ?

ಬೇಡ. ಆ 90 ಎಲ್ಲಿಂದ ಬಂತು ಅಂತ ಮೊದಲು ನೋಡಿ.

ಮೆಟಾಕ್ರಿಟಿಕ್ 2001ರಿಂದ ಇದೆ. ಹತ್ತಾರು ಕಡೆ ಬಂದ ವಿಮರ್ಶೆಗಳ ಅಂಕಗಳನ್ನ 100ರ ಲೆಕ್ಕಕ್ಕೆ ತಂದು ಸರಾಸರಿ ತೆಗೆಯುತ್ತೆ. ಕೆಲವು ಪ್ರಕಟಣೆಗಳ ಅಂಕಕ್ಕೆ ಹೆಚ್ಚು ತೂಕ, ಕೆಲವಕ್ಕೆ ಕಡಿಮೆ. ಯಾರಿಗೆ ಎಷ್ಟು ಅನ್ನೋದನ್ನ ಹೊರಗೆ ಹೇಳಲ್ಲ. ಅಲ್ಲಿ ಸಿನಿಮಾಗೆ 61 ಬಂದರೆ ಹಸಿರು ಬಣ್ಣ ಸಿಗುತ್ತೆ, ಗೇಮ್‌ಗೆ 75 ಬರಬೇಕು. ಗೇಮ್ ವಿಮರ್ಶಕರ ಕೈ ಧಾರಾಳ, ಹಾಗಾಗಿ ಗೇಮ್‌ನ 75ನ್ನ ಪರೀಕ್ಷೆಯ ಡಿಸ್ಟಿಂಕ್ಷನ್ ಅಂತ ಓದಬಾರದು. ಹಾಸನದ ಚಳಿಯನ್ನೂ ರಾಯಚೂರಿನ ಸೆಕೆಯನ್ನೂ ಕೂಡಿಸಿ ಎರಡರಿಂದ ಭಾಗಿಸಿದರೆ ಬರುವ ಹವೆ ಎರಡೂ ಊರಿನದ್ದಲ್ಲ. ಸರಾಸರಿ ಅಂಕದ ಪಾಡೂ ಅದೇ.

ಈ ಅಂಕಕ್ಕೆ ಜನರ ಹೊಟ್ಟೆಪಾಡೂ ತಗುಲಿಕೊಂಡಿದೆ. 2010ರ ‘ಫಾಲ್‌ಔಟ್: ನ್ಯೂ ವೇಗಸ್’ ಮಾಡಿದ ಅಬ್ಸಿಡಿಯನ್ ಸ್ಟುಡಿಯೋಗೆ 85 ಬಂದರೆ ಬೋನಸ್ ಅಂತ ಒಪ್ಪಂದ ಆಗಿತ್ತು, ಬಂದಿದ್ದು 84. ಬೋನಸ್ ಸಿಗಲಿಲ್ಲ. ಹದಿನೈದು ವರ್ಷ ಆದರೂ ಆ ಗೇಮ್‌ನ ಕಥೆಯನ್ನ ಜನ ಇವತ್ತಿಗೂ ಕೊಂಡಾಡುತ್ತಾರೆ. ಒಂದೇ ಒಂದು ಅಂಕ ಆ ಗೇಮ್ ಬಗ್ಗೆ ಏನು ಹೇಳಿತು?

ನಮಗೆ ಇದಕ್ಕಿಂತ ಮುಖ್ಯವಾದ ವಿಷಯ ಮೆಷಿನ್. ವಿಮರ್ಶಕರಿಗೆ ಗೇಮ್ ಮೊದಲೇ ಸಿಗುತ್ತೆ, ಇಂಥ ದಿನದವರೆಗೆ ಪ್ರಕಟಿಸಬಾರದು ಅನ್ನೋ ಕರಾರಿನ ಮೇಲೆ. ಬಹಳ ಸಲ ಅವರು ಆಡುವುದು ಟಿವಿಗೆ ಜೋಡಿಸುವ ಪ್ಲೇಸ್ಟೇಷನ್ ಥರದ ಕನ್ಸೋಲ್‌ನಲ್ಲಿ, ಇಲ್ಲ ಒಂದು ಒಳ್ಳೆ ಬೈಕಿನಷ್ಟು ಬೆಲೆಯ ಪಿಸಿಯಲ್ಲಿ. ‘ಮಾನ್‌ಸ್ಟರ್ ಹಂಟರ್ ವೈಲ್ಡ್ಸ್’ 2025ರ ಫೆಬ್ರವರಿ 28ಕ್ಕೆ ಬಂತು. ವಿಮರ್ಶಕರು ಹೊಗಳಿದರು, ಮೂರು ದಿನಕ್ಕೆ 80 ಲಕ್ಷ ಪ್ರತಿ ಹೋಯಿತು. ಅದೇ ಹೊತ್ತಿಗೆ ಸ್ಟೀಮ್‌ನಲ್ಲಿ ಪಿಸಿ ಆಟಗಾರರ ತೀರ್ಪು ‘ಮಿಕ್ಸ್ಡ್’. ಬೇಟೆ ಚೆನ್ನಾಗಿಲ್ಲ ಅಂತ ಯಾರೂ ದೂರಲಿಲ್ಲ. ಗೇಮ್ ತಡವರಿಸುತ್ತಿತ್ತು, ಚಿತ್ರ ಮಸುಕಾಗುತ್ತಿತ್ತು, ಆಗಾಗ ಕ್ರ್ಯಾಶ್ ಆಗುತ್ತಿತ್ತು. ಇಬ್ಬರು ಹೇಳಿದ್ದೂ ನಿಜ. ನಾಲ್ಕೈದು ವರ್ಷ ಹಳೆಯ ಲ್ಯಾಪ್‌ಟಾಪ್ ಇಟ್ಟುಕೊಂಡಿರುವ ಹುಡುಗನಿಗೆ ಬೇಕಾಗಿದ್ದು ಎರಡನೆಯವರ ಮಾತು.

ನಾನು ಮಾಡೋದು ಇಷ್ಟು: ಅತಿ ಹೆಚ್ಚು ಅಂಕ ಕೊಟ್ಟವರ ಬರಹ ಒಂದು, ಅತಿ ಕಡಿಮೆ ಕೊಟ್ಟವರದ್ದು ಒಂದು ಓದುತ್ತೇನೆ. ಇಬ್ಬರೂ ಒಂದೇ ಅಂಶವನ್ನ ಹೇಳಿ ಒಬ್ಬರಿಗೆ ಅದು ಇಷ್ಟ, ಇನ್ನೊಬ್ಬರಿಗೆ ಕಷ್ಟ ಆಗಿದ್ದರೆ, ಆ ಅಂಶವೇ ಗೇಮ್‌ನ ಜೀವಾಳ. ಅದು ನಿಮಗೆ ಒಗ್ಗುತ್ತಾ ಅಂತ ನೀವೇ ಹೇಳಬಲ್ಲಿರಿ.

ಹಾಗಾದ್ರೆ ಸ್ಟೀಮ್‌ನಲ್ಲಿ ನಮ್ಮಂಥವರೇ ಬರೆದ ರಿವ್ಯೂ ನಂಬಬಹುದಲ್ಲ?

ನಂಬಬಹುದು, ಹುಡುಕಿ ಓದಿದರೆ. ಅಲ್ಲಿ ಅಂಕ ಇಲ್ಲ, ಹೆಬ್ಬೆರಳು ಮೇಲೆ ಅಥವಾ ಕೆಳಗೆ ಅಷ್ಟೇ. 40ರಿಂದ 69 ಪರ್ಸೆಂಟ್ ಜನ ಮೆಚ್ಚಿದ್ದರೆ ‘ಮಿಕ್ಸ್ಡ್’, 80 ದಾಟಿದರೆ ‘ವೆರಿ ಪಾಸಿಟಿವ್’, 95 ದಾಟಿ ರಿವ್ಯೂಗಳೂ ಸಾಕಷ್ಟಿದ್ದರೆ ‘ಓವರ್‌ವೆಲ್ಮಿಂಗ್ಲಿ ಪಾಸಿಟಿವ್’. ಹಾಗಾಗಿ ಎಲ್ಲರಿಗೂ ‘ಪರವಾಗಿಲ್ಲ’ ಅನ್ನಿಸುವ ಸಾಧಾರಣ ಗೇಮ್‌ಗೂ 95 ಸಿಕ್ಕಿಬಿಡಬಹುದು, ಕೆಲವರಿಗೆ ಪ್ರಾಣ ಅನ್ನಿಸಿ ಉಳಿದವರಿಗೆ ತಲೆನೋವಾಗುವ ಅಪರೂಪದ ಗೇಮ್ 65ರಲ್ಲೇ ನಿಲ್ಲಬಹುದು. ನನ್ನ ಇಷ್ಟದ ಎಷ್ಟೋ ಗೇಮ್‌ಗಳು ಆ ಎರಡನೇ ಗುಂಪಿನವು.

ಜನ ಗೇಮ್ ಮೇಲಿನ ಸಿಟ್ಟಿಗೆ ಬರೆದರೋ, ಕಂಪನಿ ಮೇಲಿನ ಸಿಟ್ಟಿಗೆ ಬರೆದರೋ ಅನ್ನೋದನ್ನೂ ನೋಡಬೇಕು. ‘ಹೆಲ್‌ಡೈವರ್ಸ್ 2’ಗೆ 2024ರ ಮೇ ಮೊದಲ ವಾರದಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಕೆಟ್ಟ ರಿವ್ಯೂ ಬಿದ್ದವು. ಗೇಮ್ ಹಿಂದಿನ ವಾರ ಇದ್ದ ಹಾಗೇ ಇತ್ತು. ಪಿಸಿಯಲ್ಲಿ ಆಡುವವರೂ ಪ್ಲೇಸ್ಟೇಷನ್ ಖಾತೆ ಜೋಡಿಸಲೇಬೇಕು ಅಂತ ಸೋನಿ ಹೇಳಿತ್ತು, ಎಷ್ಟೋ ದೇಶಗಳಲ್ಲಿ ಆ ಖಾತೆ ತೆರೆಯೋಕೇ ಆಗುತ್ತಿರಲಿಲ್ಲ. ಕೆಲವೇ ದಿನಕ್ಕೆ ಸೋನಿ ಹಿಂದೆ ಸರಿಯಿತು. ಅದನ್ನ ಬರೀ ದಾಂಧಲೆ ಅಂತ ತಳ್ಳಿಹಾಕೋದನ್ನ ನಾನು ಒಪ್ಪಲ್ಲ. ದುಡ್ಡು ಕೊಟ್ಟವರ ಕೈಲಿ ಬೇರೆ ಯಾವ ದಾರಿ ಇತ್ತು? ಆದರೆ ಆ ವಾರ ರಿವ್ಯೂ ನೋಡಿ ಗೇಮ್‌ನ ಗುಣ ಅಳೆದವರು ತಪ್ಪು ಅಳತೆ ತಗೊಂಡರು.

ಅದಕ್ಕೇ ಸ್ಟೀಮ್ ಪುಟದಲ್ಲಿ ಮೊದಲು ನೋಡಬೇಕಾದ್ದು ಕಳೆದ 30 ದಿನದ ತೀರ್ಪು. ಆಮೇಲೆ ಕಾಲಾನುಕ್ರಮದ ಕಂಬಗಳ ಚಿತ್ರ: ಯಾವ ತಿಂಗಳಲ್ಲಿ ಮೆಚ್ಚದವರ ಕೆಂಪು ಕಂಬ ಇದ್ದಕ್ಕಿದ್ದಂತೆ ಉದ್ದ ಆಗಿದೆ, ಆಗ ಏನಾಯಿತು ಅಂತ ಹುಡುಕಿ. ಪ್ರತಿ ರಿವ್ಯೂ ಮೇಲೆ ಬರೆದವರು ಎಷ್ಟು ಗಂಟೆ ಆಡಿದ್ದಾರೆ ಅಂತ ಇರುತ್ತೆ. 60 ಗಂಟೆ ಆಡಿ ಬೈದವರ ಮಾತಿಗೆ ನಾನು ಕಿವಿಗೊಡುತ್ತೇನೆ. ಎಲ್ಲಿಯವರೆಗೆ ಚೆನ್ನಾಗಿತ್ತು, ಎಲ್ಲಿಂದ ಕೆಟ್ಟಿತು ಅಂತ ಹೇಳಬಲ್ಲವರು ಅವರೇ.

2025ರ ಆಗಸ್ಟ್‌ನಿಂದ ಸ್ಟೀಮ್ ಭಾಷೆವಾರು ತೀರ್ಪನ್ನೂ ಬೇರೆ ತೋರಿಸುತ್ತೆ. ಮರುತಿಂಗಳು ‘ಹಾಲೊ ನೈಟ್: ಸಿಲ್ಕ್‌ಸಾಂಗ್’ ಬಂದಾಗ ಅದರ ಉಪಯೋಗ ಚೆನ್ನಾಗಿ ಗೊತ್ತಾಯಿತು. ಲೋಕವೆಲ್ಲ ಹೊಗಳುತ್ತಿದ್ದರೆ ಚೀನೀ ಭಾಷೆಯವರ ರಿವ್ಯೂ ಕೆಳಗಿತ್ತು, ಯಾಕಂದರೆ ಅವರಿಗೆ ಸಿಕ್ಕ ಅನುವಾದ ಕೆಟ್ಟದಾಗಿತ್ತು.

ಯೂಟ್ಯೂಬ್‌ನವರು?

ವಿವರಣೆಯಲ್ಲಿ ‘ಪೇಯ್ಡ್ ಪ್ರಮೋಷನ್’ ಇದೆಯಾ ನೋಡಿ. ಇದ್ದರೆ ಅದು ಜಾಹೀರಾತು, ವಿಮರ್ಶೆ ಅಲ್ಲ. ನಿಮ್ಮದೇ ಗ್ರಾಫಿಕ್ಸ್ ಕಾರ್ಡ್‌ನಲ್ಲಿ ಯಾರೋ ಮಾತಿಲ್ಲದೆ ಇಪ್ಪತ್ತು ನಿಮಿಷ ಆಡಿ ಹಾಕಿದ ವಿಡಿಯೋ ಇದ್ದರೆ ಅದು ಎಷ್ಟೋ ವಿಮರ್ಶೆಗಿಂತ ಉಪಯೋಗಕ್ಕೆ ಬರುತ್ತೆ.

ಬಿಡುಗಡೆ ದಿನವೇ ತಗೊಂಡ್ರೆ ಏನಾಗುತ್ತೆ?

‘ಸೈಬರ್‌ಪಂಕ್ 2077’ನ ನೆನೆಸಿಕೊಳ್ಳಿ. 2020ರ ಡಿಸೆಂಬರ್ 10ಕ್ಕೆ ಬಂತು. ಅದಕ್ಕೆ ಮೊದಲು ವಿಮರ್ಶಕರಿಗೆ ಕೊಟ್ಟಿದ್ದು ಪಿಸಿ ಪ್ರತಿ ಮಾತ್ರ, ವಿಡಿಯೋ ವಿಮರ್ಶೆಗೂ ಕಂಪನಿಯೇ ಕೊಟ್ಟ ದೃಶ್ಯ ಬಳಸಬೇಕಿತ್ತು. ಅಂಕಗಳು 90ರ ಆಸುಪಾಸು. ಪಿಎಸ್4 (ಸೋನಿಯ ಹಳೆ ಪ್ಲೇಸ್ಟೇಷನ್) ಇದ್ದವರ ಮನೆಯಲ್ಲಿ ಓಡಿದ್ದು ಬೇರೆಯದೇ ಗೇಮ್. ಒಂದು ವಾರದಲ್ಲಿ ಸೋನಿ ಅದನ್ನ ತನ್ನ ಅಂಗಡಿಯಿಂದಲೇ ತೆಗೆಯಿತು, ವಾಪಸ್ ಬಂದಿದ್ದು 2021ರ ಜೂನ್‌ನಲ್ಲಿ. 2023ರ ಸೆಪ್ಟೆಂಬರ್‌ನಲ್ಲಿ 2.0 ಅಪ್‌ಡೇಟ್, ಜೊತೆಗೆ ‘ಫ್ಯಾಂಟಮ್ ಲಿಬರ್ಟಿ’ ಅನ್ನೋ ಹೆಚ್ಚುವರಿ ಕಥೆ ಬಂದಮೇಲೆ ಅದು ನಿಜಕ್ಕೂ ಒಳ್ಳೆ ಗೇಮ್. ಈಗ ಸೇಲ್‌ನಲ್ಲಿ ಸಿಕ್ಕರೆ ಖಂಡಿತ ತಗೊಳ್ಳಿ. ಆದರೆ 2020ರ ಆ ವಿಮರ್ಶೆಗಳು ಇವತ್ತಿನ ಗೇಮ್ ಬಗ್ಗೆ ಏನೂ ಹೇಳಲ್ಲ, ಅವತ್ತಿನ ಪಿಎಸ್4 ಬಗ್ಗೆಯೂ ಹೇಳಿರಲಿಲ್ಲ.

‘ನೋ ಮ್ಯಾನ್ಸ್ ಸ್ಕೈ’ 2016ರಲ್ಲಿ ಬಂದಾಗ ಬೈಗುಳದ ಮಳೆ. ಒಂದರ ಹಿಂದೆ ಒಂದು ಉಚಿತ ಅಪ್‌ಡೇಟ್ ಕೊಟ್ಟು ಎಂಟು ವರ್ಷದ ಮೇಲೆ, 2024ರ ನವೆಂಬರ್‌ನಲ್ಲಿ, ಸ್ಟೀಮ್‌ನ ಒಟ್ಟು ತೀರ್ಪು ‘ವೆರಿ ಪಾಸಿಟಿವ್’ಗೆ ಏರಿತು. ಇನ್ನೊಂದು ಕಡೆ ಸೋನಿಯ ಆನ್‌ಲೈನ್ ಗೇಮ್ ‘ಕಾಂಕಾರ್ಡ್’: 2024ರ ಆಗಸ್ಟ್ 23ಕ್ಕೆ ಶುರು, ಸೆಪ್ಟೆಂಬರ್ 6ಕ್ಕೆ ಬಂದ್, ದುಡ್ಡು ವಾಪಸ್.

ಹಾಗಾಗಿ ನನ್ನ ಸಲಹೆ: ಒಬ್ಬರೇ ಆಡುವ ಗೇಮ್ ಆದರೆ ಆರು ತಿಂಗಳು ಕಾಯಿರಿ. ಅಷ್ಟರಲ್ಲಿ ದೋಷ ಸರಿಹೋಗಿರುತ್ತೆ, ಬೆಲೆ ಇಳಿದಿರುತ್ತೆ. ಗೆಳೆಯರೆಲ್ಲ ಸೇರಿ ಆಡುವ ಆನ್‌ಲೈನ್ ಗೇಮ್‌ಗೆ ಈ ಮಾತು ನಡೆಯಲ್ಲ. ಆರು ತಿಂಗಳಾದ ಮೇಲೆ ಅಲ್ಲಿ ಜನವೇ ಇಲ್ಲದಿರಬಹುದು. ಕಾಯೋಕೆ ಆಗಲೇ ಇಲ್ಲ ಅಂದರೆ ಸ್ಟೀಮ್‌ನಲ್ಲಿ ಕೊಂಡ 14 ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ದುಡ್ಡು ವಾಪಸ್ ಕೇಳಬಹುದು. ಆ ಎರಡು ಗಂಟೆಯನ್ನ ಪಾತ್ರದ ಮೂಗು, ಕೂದಲು ತಿದ್ದೋದರಲ್ಲಿ ಕಳೆಯಬೇಡಿ. ನೇರ ಆಟಕ್ಕೆ ಇಳಿದು, ಜನಜಂಗುಳಿ ಇರುವ ಜಾಗದಲ್ಲಿ ಗೇಮ್ ಹೇಗೆ ಓಡುತ್ತೆ ನೋಡಿ.

‘ಅನ್‌ಚಾರ್ಟೆಡ್’ನಲ್ಲಿ ನಮ್ಮ ಬೇಲೂರು ಹಳೇಬೀಡು ಇದೆಯಂತೆ, ಹೌದಾ?

ಹೌದು. ಇದು ಹೊಸ ಗೇಮ್ ಅಲ್ಲ, ಆದರೂ ಹಾಸನದಲ್ಲಿ ಇದ್ದುಕೊಂಡು ಇದರ ಬಗ್ಗೆ ಮಾತಾಡದೆ ಇರೋಕೆ ನನಗಾಗಲ್ಲ. ‘ಅನ್‌ಚಾರ್ಟೆಡ್: ದಿ ಲಾಸ್ಟ್ ಲೆಗಸಿ’, ನಾಟಿ ಡಾಗ್ ಸ್ಟುಡಿಯೋದ್ದು. 2017ರ ಆಗಸ್ಟ್‌ನಲ್ಲಿ ಪಿಎಸ್4ಗೆ ಬಂತು, 2022ರ ಅಕ್ಟೋಬರ್‌ನಲ್ಲಿ ಪಿಸಿಗೂ ಬಂತು. ಕ್ಲೋಯಿ ಫ್ರೇಜರ್ ಅನ್ನುವ ನಿಧಿ ಬೇಟೆಗಾರ್ತಿ, ಅವಳ ತಂದೆ ಭಾರತೀಯ. ಗಣೇಶನ ಮುರಿದ ದಂತ ಹುಡುಕಿಕೊಂಡು ಪಶ್ಚಿಮ ಘಟ್ಟಕ್ಕೆ ಬರುತ್ತಾಳೆ. ಆ ದಂತ ಹೊಯ್ಸಳರ ಹತ್ತಿರ ಇತ್ತು ಅನ್ನೋದು ಗೇಮ್‌ನ ಕಲ್ಪನೆ. ಬೇಲೂರು, ಹಳೇಬೀಡು ಅನ್ನೋ ಹೆಸರುಗಳು ಪಾತ್ರಗಳ ಬಾಯಲ್ಲೇ ಬರುತ್ತವೆ. ಗಣಪತಿ–ಪರಶುರಾಮರ ಕಾಳಗದ ಕಥೆಯ ಮೇಲೆ ಒಗಟುಗಳನ್ನೇ ಕಟ್ಟಿದ್ದಾರೆ.

ಜೀಪ್ ಹತ್ತಿ ಕೆಸರಿನಲ್ಲಿ ಗುಡ್ಡ ಏರಿಳಿಯುವ ಆ ದೊಡ್ಡ ಅಧ್ಯಾಯವನ್ನ ವಿಮರ್ಶಕರು ಹೊಗಳಿದರು, ಅದು ಸರಿಯೇ. ಕೆಂಪು ಮಣ್ಣು, ದಟ್ಟ ಹಸಿರು, ಬಂಡೆ ಮೇಲೆ ಇಳಿಯುವ ನೀರು, ಎಲ್ಲ ಕಣ್ತುಂಬ ಇದೆ. ಆದರೆ ಹೊಯ್ಸಳ ಶಿಲ್ಪ ಅಂತ ಅಲ್ಲಿ ತೋರಿಸಿರೋದು ಬೆಟ್ಟದೆತ್ತರದ ಶಿವ, ಗಣಪತಿಯ ವಿಗ್ರಹಗಳನ್ನ. ನಾನು ಓದಿದ ಇಂಗ್ಲಿಷ್ ವಿಮರ್ಶೆಗಳಲ್ಲಿ ಯಾರೂ ಇದನ್ನ ಎತ್ತಲಿಲ್ಲ. ಹೊಯ್ಸಳರ ಶಕ್ತಿ ಗಾತ್ರದಲ್ಲಿ ಇಲ್ಲ. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ ಬೇಲೂರು ಚೆನ್ನಕೇಶವ ಗುಡಿ ದೂರದಿಂದ ನೋಡಿದರೆ ತಗ್ಗಾಗಿ ಕಾಣುತ್ತೆ. ಹತ್ತಿರ ಹೋಗಿ, ನಕ್ಷತ್ರಾಕಾರದ ಜಗತಿ ಹತ್ತಿ, ಗೋಡೆಗೆ ಒಂದಡಿ ದೂರದಲ್ಲಿ ನಿಂತಾಗ ಅದು ಬಿಚ್ಚಿಕೊಳ್ಳೋದು. ಹಳೇಬೀಡಿನ ಗೋಡೆಯ ಬುಡದಲ್ಲಿ ಆನೆಗಳ ಸಾಲು, ಅದರ ಮೇಲೆ ಸಿಂಹ, ಬಳ್ಳಿ, ಕುದುರೆ ಸವಾರರು, ರಾಮಾಯಣ–ಮಹಾಭಾರತದ ಕಥೆ, ಮಕರ, ಹಂಸ. ಒಂದು ಆನೆಯ ಹಾಗೆ ಇನ್ನೊಂದಿಲ್ಲ. ಬಳಪದ ಕಲ್ಲು ಹೊಸದಾಗಿ ತೆಗೆದಾಗ ಮೆತ್ತಗಿರುತ್ತೆ, ಆಮೇಲೆ ಗಟ್ಟಿಯಾಗುತ್ತೆ. ಅದಕ್ಕೇ ಬೆರಳಿನ ಉಂಗುರವನ್ನೂ ಕೊರೆಯೋಕೆ ಸಾಧ್ಯ ಆಯಿತು.

ಗೋಡೆಯ ಆ ಸಾಲುಗಳನ್ನೇ ಓದಿ ಬಿಡಿಸಬೇಕಾದ ಒಂದು ಒಗಟು ಆ ಗೇಮ್‌ನಲ್ಲಿ ಇದ್ದಿದ್ದರೆ! ನನಗೆ ಗೇಮ್ ಇಷ್ಟವೇ. ಆಡಿ ಅಂತಲೇ ಹೇಳುತ್ತೇನೆ, ಹತ್ತು ಗಂಟೆಯೊಳಗೆ ಮುಗಿಯುತ್ತೆ. ಆಡಿದ ಮೇಲೆ ಒಂದು ಭಾನುವಾರ ಬೆಳಿಗ್ಗೆ ಬಸ್ ಹತ್ತಿ ಹಳೇಬೀಡಿಗೆ ಹೋಗಿ ಬನ್ನಿ, ಮೂವತ್ತು ಕಿಲೋಮೀಟರ್ ಚಿಲ್ಲರೆ ಅಷ್ಟೇ. ಎಷ್ಟು ಸಲ ಹೋಗಿದ್ದರೂ ಈ ಸಲ ಬೇರೆ ಕಣ್ಣಿಂದ ನೋಡುತ್ತೀರಿ.

‘ಎಕ್ಸ್‌ಪೆಡಿಷನ್ 33’ ಅಷ್ಟೊಂದು ಹೊಗಳುವಂಥದ್ದಾ?

ಹೌದು. ಈ ಸಲ ಹೊಗಳಿಕೆ ಸುಳ್ಳಲ್ಲ. ಫ್ರಾನ್ಸಿನ ಮಾಂಪೆಲಿಯೆ ಊರಿನ ಸ್ಯಾಂಡ್‌ಫಾಲ್ ಅನ್ನೋ ಸಣ್ಣ ತಂಡದ ಮೊದಲ ಗೇಮ್, 2025ರ ಏಪ್ರಿಲ್ 24ಕ್ಕೆ ಬಂತು. ಡಿಸೆಂಬರ್‌ನ ಗೇಮ್ ಅವಾರ್ಡ್ಸ್‌ನಲ್ಲಿ ವರ್ಷದ ಗೇಮ್ ಸೇರಿ ಒಂಬತ್ತು ಪ್ರಶಸ್ತಿ ಹೊಡೆಯಿತು. ದೂರದ ಕಲ್ಲಿನ ಮೇಲೆ ಪ್ರತಿ ವರ್ಷ ಒಂದು ಸಂಖ್ಯೆ ಮೂಡುತ್ತೆ, ಅಷ್ಟು ವಯಸ್ಸು ತುಂಬಿದವರೆಲ್ಲ ಹೂವಿನ ಎಸಳಿನ ಥರ ಉದುರಿ ಮಾಯ ಆಗುತ್ತಾರೆ. ಮೊದಲ ಅರ್ಧ ಗಂಟೆ ಊರಿನವರು ಒಬ್ಬರಿಗೊಬ್ಬರು ವಿದಾಯ ಹೇಳೋದನ್ನ ನೋಡೋದೇ ಆಟ. ಅಷ್ಟು ಧೈರ್ಯವಾಗಿ ನಿಧಾನಕ್ಕೆ ಶುರುವಾಗುವ ಗೇಮ್ ಈಚೆಗೆ ನಾನು ನೋಡಿಲ್ಲ.

ವಿಮರ್ಶೆಗಳು ಇದನ್ನ ಸರದಿಯ ಮೇಲೆ ಆಡುವ ಗೇಮ್ ಅಂದವು. ಅದನ್ನ ಓದಿ ‘ಆರಾಮಾಗಿ ಯೋಚಿಸಿ ಆಡಬಹುದು’ ಅಂದುಕೊಂಡರೆ ಕಷ್ಟ. ಶತ್ರುವಿನ ಸರದಿಯಲ್ಲಿ ಸರಿಯಾದ ಕ್ಷಣಕ್ಕೆ ಗುಂಡಿ ಒತ್ತಿ ಏಟು ತಡೆಯಬೇಕು, ಕೈಚಳಕ ಬೇಕು. ಕಷ್ಟದ ಮಟ್ಟ ಇಳಿಸಿಕೊಂಡು ಕಥೆಗಾಗಿ ಆಡಿದರೂ ಗೇಮ್ ಏನೂ ಕಳೆದುಕೊಳ್ಳಲ್ಲ. ನನಗೆ ಅಷ್ಟಾಗಿ ಹಿಡಿಸದ್ದು ಅಂದರೆ ಪ್ರತಿ ಭಾಗದ ಒಳಗೆ ಓಡಾಡುವ ದಾರಿಗಳು. ಅಲ್ಲಿ ನಕ್ಷೆ ಇಲ್ಲ, ಎಲ್ಲ ಜಾಗ ಒಂದೇ ಥರ ಕಂಡು ದಿಕ್ಕು ತಪ್ಪುತ್ತೆ.

‘ಬಾಲ್ಡರ್ಸ್ ಗೇಟ್ 3’ರಲ್ಲಿ ಇಂಗ್ಲಿಷ್ ಓದೋದು ಜಾಸ್ತಿ ಅಂತಾರೆ. ಕನ್ನಡ ಮೀಡಿಯಂನವರಿಗೆ ಆಗುತ್ತಾ?

ಆಗುತ್ತೆ, ಅವಸರ ಮಾಡದಿದ್ದರೆ. ಬೆಲ್ಜಿಯಂನ ಲಾರಿಯನ್ ಸ್ಟುಡಿಯೋದ ಗೇಮ್, ಹತ್ತಿರ ಹತ್ತಿರ ಮೂರು ವರ್ಷ ಅರ್ಧಂಬರ್ಧ ರೂಪದಲ್ಲೇ ಆಟಗಾರರ ಕೈಗೆ ಕೊಟ್ಟು ತಿದ್ದಿ 2023ರ ಆಗಸ್ಟ್‌ನಲ್ಲಿ ಪೂರ್ತಿ ಬಿಟ್ಟರು. ಎಲ್ಲ ಮಾತನ್ನೂ ನಟರು ಆಡಿ ತೋರಿಸುತ್ತಾರೆ, ಕೆಳಗೆ ಅಕ್ಷರ ಬರುತ್ತೆ, ಉತ್ತರ ಆರಿಸುವಾಗ ಎಷ್ಟು ಹೊತ್ತಾದರೂ ಗೇಮ್ ಕಾಯುತ್ತೆ. ಕಷ್ಟ ಮಾತಿನದ್ದಲ್ಲ, ನಿಯಮಗಳದ್ದು. ದಾಳ ಉರುಳಿಸುವ ಲೆಕ್ಕ ಅರ್ಥ ಆಗೋಕೆ ಮೊದಲ ಹತ್ತು ಗಂಟೆ ಬೇಕು. ಇಬ್ಬರು ಕೂತು ಒಂದೇ ಪರದೆಯಲ್ಲಿ ಆಡಿ, ಒಬ್ಬರಿಗೆ ಗೊತ್ತಾಗದ್ದು ಇನ್ನೊಬ್ಬರಿಗೆ ಗೊತ್ತಾಗುತ್ತೆ. ಇದು 18 ದಾಟಿದವರ ಗೇಮ್, ಮನೆಯ ಹಾಲ್‌ನಲ್ಲಿ ಹಾಕಿಕೊಳ್ಳಬೇಡಿ.

ಇನ್ನು, 150 ಜಿಬಿ ಜಾಗ ಬೇಕು, ಅದೂ ಎಸ್‌ಎಸ್‌ಡಿಯಲ್ಲಿ. 40 ಎಂಬಿಪಿಎಸ್ ಲೈನ್ ಇದ್ದರೆ ನಿಲ್ಲದೆ ಇಳಿದರೂ ಎಂಟು ಗಂಟೆ ಮೇಲೆ. ರಾತ್ರಿ ಹಾಕಿ ಮಲಗಿ.

‘ಸಿಲ್ಕ್‌ಸಾಂಗ್’, ‘ಎಲ್ಡನ್ ರಿಂಗ್’ ಥರದ ಕಷ್ಟದ ಗೇಮ್ ಯಾಕೆ ಆಡಬೇಕು ಗುರು?

ಆಡಲೇಬೇಕು ಅಂತೇನಿಲ್ಲ. ಕಷ್ಟದ ಗೇಮ್ ಆಡಿದವರೇ ನಿಜವಾದ ಗೇಮರ್ ಅನ್ನೋ ಮಾತನ್ನ ನಾನು ಒಪ್ಪಲ್ಲ. ಆದರೆ ಎರಡರ ಕಷ್ಟವೂ ಬೇರೆ ಬೇರೆ, ವಿಮರ್ಶೆಗಳು ಎರಡನ್ನೂ ಒಂದೇ ಪದದಲ್ಲಿ ಮುಗಿಸುತ್ತವೆ. ‘ಎಲ್ಡನ್ ರಿಂಗ್’ನಲ್ಲಿ ಒಂದು ಕಡೆ ಸೋತರೆ ಬೇರೆ ದಿಕ್ಕಿಗೆ ಹೋಗಿ ಬಲ ತುಂಬಿಕೊಂಡು ಬರಬಹುದು, ಸಹಾಯಕ್ಕೆ ಯಾರನ್ನಾದರೂ ಕರೆಯಬಹುದು. ‘ಸಿಲ್ಕ್‌ಸಾಂಗ್’ನಲ್ಲಿ ಬಲ ಅಷ್ಟು ಸುಲಭವಾಗಿ ಏರಲ್ಲ, ನಿಮ್ಮ ಬೆರಳೇ ಕಲಿಯಬೇಕು. ಎಷ್ಟೋ ಶತ್ರುಗಳ ಒಂದೇ ಏಟಿಗೆ ಎರಡು ಜೀವ ಹೋಗುತ್ತೆ. 2025ರ ಸೆಪ್ಟೆಂಬರ್ 4ಕ್ಕೆ ಬಂದಾಗ ವಿಮರ್ಶಕರಿಗೂ ಮೊದಲೇ ಪ್ರತಿ ಕೊಟ್ಟಿರಲಿಲ್ಲ, ಎಲ್ಲರೂ ಒಟ್ಟಿಗೆ ಶುರು ಮಾಡಿದರು. ಆ ಮೊದಲ ವಾರ ಯಾರ ಹತ್ತಿರವೂ ಉತ್ತರ ಇರಲಿಲ್ಲ. ಗೆಳೆಯರು ಒಬ್ಬರನ್ನೊಬ್ಬರು ‘ಆ ಸೇತುವೆ ದಾಟಿದ್ಯಾ?’ ಅಂತ ಕೇಳಿಕೊಂಡು ಆಡಿದರು. ಆ ಸಂತೋಷವನ್ನ ಯಾವ ಅಂಕವೂ ಹಿಡಿಯಲಾರದು. ಮೊದಲ ತಿದ್ದುಪಡಿ ಅಪ್‌ಡೇಟ್‌ನಲ್ಲೇ ಶುರುವಿನ ಕೆಲವು ಕಾಳಗಗಳನ್ನ ಸ್ವಲ್ಪ ಸುಲಭ ಮಾಡಿದರು, ಒಳ್ಳೇದೇ ಆಯಿತು. ಹಳೆ ಲ್ಯಾಪ್‌ಟಾಪ್‌ನಲ್ಲೂ ಓಡುತ್ತೆ, ಬೆಲೆಯೂ ಕಡಿಮೆ. ಕೈಯಲ್ಲಿ ಒಂದು ಸಾವಿರ ರೂಪಾಯಿ ಇದ್ದರೆ ಇದನ್ನೇ ಹೇಳುತ್ತೇನೆ.

ಚೀನಾದವರು ಅವರ ಹನುಮಂತನ ಕಥೆ ಗೇಮ್ ಮಾಡಿದ್ರು. ನಮ್ಮವರು ಯಾಕೆ ಮಾಡಲ್ಲ?

‘ಬ್ಲ್ಯಾಕ್ ಮಿಥ್: ವುಕಾಂಗ್’ನ ಸುನ್ ವುಕಾಂಗ್ ನಮ್ಮ ಹನುಮಂತ ಅಲ್ಲ, ಚೀನಾದ ಹಳೆಯ ಕಾದಂಬರಿ ‘ಪಶ್ಚಿಮ ಯಾತ್ರೆ’ಯ ವಾನರ. 2024ರ ಆಗಸ್ಟ್ 20ಕ್ಕೆ ಬಂದು ಮೂರು ದಿನಕ್ಕೆ ಒಂದು ಕೋಟಿ ಪ್ರತಿ ಹೋಯಿತು, ಸ್ಟೀಮ್‌ನಲ್ಲಿ ಒಂದೇ ಹೊತ್ತಿಗೆ 24 ಲಕ್ಷ ಜನ ಆಡುತ್ತಿದ್ದರು. ವಿಮರ್ಶಕರ ಸರಾಸರಿ ಮಾತ್ರ 80ರ ಆಸುಪಾಸಿನಲ್ಲೇ ನಿಂತಿತು. ಕಣ್ಣಿಗೆ ಕಾಣದ ಗೋಡೆಗಳು ದಾರಿ ತಡೆಯುತ್ತವೆ, ಕಥೆ ಗೊತ್ತಿಲ್ಲದವರಿಗೆ ತಲೆಬುಡ ತಿಳಿಯಲ್ಲ ಅನ್ನೋ ಆಕ್ಷೇಪಗಳು ಸರಿಯಾದವೇ. ಆದರೆ ಚಿಕ್ಕಂದಿನಿಂದ ಆ ಕಥೆ ಕೇಳಿ ಬೆಳೆದವರಿಗೆ ಅದೇ ಗೇಮ್ ಬೇರೆ ಥರ ಮುಟ್ಟಿತು. ನನಗೆ ಇದರಲ್ಲಿ ಅಸೂಯೆಗಿಂತ ಆಸೆ ಹೆಚ್ಚು.

ನಮ್ಮವರೂ ಮಾಡಿದ್ದಾರೆ. ಪುಣೆಯ ನಾಡಿಂಗ್ ಹೆಡ್ಸ್ ತಂಡದ ‘ರಾಜಿ: ಆ್ಯನ್ ಏನ್ಷಿಯಂಟ್ ಎಪಿಕ್’ 2020ರಲ್ಲಿ ಬಂತು. ತಮ್ಮನನ್ನ ಹುಡುಕಿ ಹೊರಟ ಹುಡುಗಿಯ ಕಥೆ, ದುರ್ಗೆ ಮತ್ತು ವಿಷ್ಣು ಅದನ್ನ ನಿರೂಪಿಸುತ್ತಾರೆ, ನಡುನಡುವೆ ನೆರಳು ಗೊಂಬೆಯಾಟದ ದೃಶ್ಯಗಳು. ತೊಗಲುಗೊಂಬೆ ನೋಡಿದ ನಮ್ಮ ಕಡೆಯವರಿಗೆ ಆ ದೃಶ್ಯಗಳು ತಕ್ಷಣ ಹಿಡಿಸುತ್ತವೆ. ಚಿಕ್ಕ ಗೇಮ್, ಕಥೆ ಥಟ್ಟನೆ ನಿಂತುಬಿಡುತ್ತೆ, ಕಾಳಗ ಅಲ್ಲಲ್ಲಿ ಒರಟು. ಇದನ್ನೆಲ್ಲ ಹೇಳಿದ ಮೇಲೂ ಕೊಂಡು ಆಡಿ ಅನ್ನುತ್ತೇನೆ. ಹಾಗಂತ ನಮ್ಮವರದ್ದು ಅಂತ ತಪ್ಪು ಮುಚ್ಚಿಡುವ ವಿಮರ್ಶೆಯಿಂದ ಮಾಡಿದವರಿಗೆ ಉಪಕಾರ ಆಗಲ್ಲ.

ತೋಟದಲ್ಲಿ ಇಡೀ ದಿನ ದುಡಿದು ಬಂದು ಮತ್ತೆ ವ್ಯವಸಾಯದ ಗೇಮ್ ಆಡಬೇಕಾ? ‘ಸ್ಟಾರ್‌ಡ್ಯೂ ವ್ಯಾಲಿ’ ಹೇಗಿದೆ?

ಈ ಪ್ರಶ್ನೆ ಕೇಳಿದವರೇ ಆಮೇಲೆ ಬಿಡದೆ ಆಡಿದ್ದಾರೆ. ಎರಿಕ್ ಬರೋನ್ ಅನ್ನೋ ಒಬ್ಬನೇ ಮನುಷ್ಯ ನಾಲ್ಕು ವರ್ಷಕ್ಕೂ ಹೆಚ್ಚು ಕೂತು ಚಿತ್ರ, ಸಂಗೀತ, ಬರಹ ಎಲ್ಲ ಮಾಡಿ 2016ರಲ್ಲಿ ಬಿಟ್ಟ ಗೇಮ್. 2024ರ ಮಾರ್ಚ್‌ನಲ್ಲಿ 1.6 ಅಪ್‌ಡೇಟ್ ಕೊಟ್ಟ, ಅದೂ ಉಚಿತವಾಗಿ.

ಅದರಲ್ಲಿ ಕಾಫಿಯೂ ಇದೆ. ಬೀಜ ಹಾಕಿದ ಹತ್ತು ದಿನಕ್ಕೆ ಫಸಲು, ಆಮೇಲೆ ಎರಡು ದಿನಕ್ಕೊಮ್ಮೆ ನಾಲ್ಕು ನಾಲ್ಕು ಬೀಜ, ಐದು ಬೀಜ ಪೀಪಾಯಿಗೆ ಹಾಕಿದರೆ ಒಂದು ಲೋಟ ಕಾಫಿ. ಚಿಕ್ಕಮಗಳೂರು ಕಡೆ ಗಿಡ ನೆಟ್ಟು ಮೂರು ನಾಲ್ಕು ವರ್ಷ ಕಾದು, ಮಾರ್ಚ್–ಏಪ್ರಿಲ್‌ನ ಹೂಮಳೆ ಸರಿಯಾಗಿ ಬಿದ್ದು, ಆಮೇಲೆ ಬ್ಯಾಕಿಂಗ್ ಮಳೆಯೂ ಬಂದು, ಬೋರರ್ ಹುಳ ಬೀಳದೆ ಉಳಿದರೆ ನವೆಂಬರ್ ಹೊತ್ತಿಗೆ ಅರೇಬಿಕಾ ಕುಯ್ಲಿಗೆ ಬರುತ್ತೆ. ಕಣದಲ್ಲಿ ಒಣಗಿಸುವಾಗ ಅಕಾಲ ಮಳೆ ಬಂದರೆ ಮುಗಿಯಿತು. ಗೇಮ್‌ನಲ್ಲಿ ಇದು ಯಾವುದೂ ಇಲ್ಲ, ನೆರಳಿನ ಮರವೂ ಬೇಡ. ತಮಾಷೆ ಅಂದರೆ ನಮ್ಮ ತೋಟದ ಗೆಳೆಯರಿಗೆ ಅದೇ ಇಷ್ಟ: ಹಾಕಿದ ಶ್ರಮಕ್ಕೆ ಹೇಳಿದ ದಿನ ಫಲ ಸಿಗುತ್ತೆ.

ನಿಜಕ್ಕೆ ಹತ್ತಿರ ಬೇಕು ಅಂದರೆ 2024ರ ನವೆಂಬರ್‌ನಲ್ಲಿ ಬಂದ ‘ಫಾರ್ಮಿಂಗ್ ಸಿಮ್ಯುಲೇಟರ್ 25’. ಈ ಸಲ ಭತ್ತ ಇದೆ, ಗದ್ದೆಗೆ ನೀರು ನಿಲ್ಲಿಸಿ ಸಸಿ ನಾಟಿ ಮಾಡಬೇಕು. ಎಮ್ಮೆಯೂ ಇದೆ. ಎಲ್ಲ ದೊಡ್ಡ ಯಂತ್ರಗಳ ವ್ಯವಸಾಯ, ನಾಟಿ ಆಳುಗಳು ಸಿಗದ ಚಿಂತೆ ಇಲ್ಲ, ಸಕಲೇಶಪುರ, ಆಲೂರು ಕಡೆಯ ಆನೆ ಕಾಟವೂ ಇಲ್ಲ. ಟ್ರ್ಯಾಕ್ಟರ್ ಅಂದರೆ ಪ್ರಾಣ ಬಿಡುವವರಿಗೆ ಮಾತ್ರ.

ಮಳೆಗಾಲದಲ್ಲಿ ಕರೆಂಟು, ನೆಟ್ ಎರಡೂ ನಂಬೋಹಾಗಿಲ್ಲ. ಯಾವ ಗೇಮ್ ಒಳ್ಳೇದು?

ಒಬ್ಬರೇ ಆಡುವ ಗೇಮ್‌ಗೂ ಸದಾ ನೆಟ್ ಬೇಕಾ ಅನ್ನೋದನ್ನ ಕೊಳ್ಳುವ ಮೊದಲು ನೋಡಿ. ‘ಡಯಾಬ್ಲೊ 4’ಗೆ ಬೇಕು. ‘ಗ್ರ್ಯಾನ್ ಟುರಿಸ್ಮೊ 7’ರ ಬಹುಪಾಲಿಗೆ ಬೇಕು; 2022ರ ಮಾರ್ಚ್‌ನಲ್ಲಿ ಸರ್ವರ್ ಒಂದು ದಿನಕ್ಕೂ ಹೆಚ್ಚು ನಿಂತಾಗ ಒಬ್ಬರೇ ಓಡಿಸುವವರೂ ಕಾದು ಕೂತರು. ಮಲೆನಾಡಿನಲ್ಲಿ ಇರುವವರಿಗೆ ಇದು ಗ್ರಾಫಿಕ್ಸ್‌ಗಿಂತ ದೊಡ್ಡ ವಿಷಯ, ಆದರೆ ವಿಮರ್ಶೆಗಳಲ್ಲಿ ಒಂದು ಸಾಲು ಸಿಕ್ಕರೆ ಹೆಚ್ಚು. ‘ಎಲ್ಡನ್ ರಿಂಗ್’ ತಾನೇ ಆಗಾಗ ಸೇವ್ ಮಾಡಿಕೊಳ್ಳುತ್ತೆ. ‘ಬಾಲ್ಡರ್ಸ್ ಗೇಟ್’ನಲ್ಲಿ ಎಫ್ 5 ಒತ್ತುವ ಅಭ್ಯಾಸ ಇಟ್ಟುಕೊಳ್ಳಿ. ‘ಸ್ಟಾರ್‌ಡ್ಯೂ’ ಸೇವ್ ಆಗೋದು ಪಾತ್ರ ಮಲಗಿದ ಮೇಲೆ, ಗುಡುಗು ಕೇಳಿದ ಕೂಡಲೇ ಮಲಗಿಸಿಬಿಡಿ. ಡೆಸ್ಕ್‌ಟಾಪ್ ಇದ್ದರೆ ಯುಪಿಎಸ್ ಇಲ್ಲದೆ ಆಡಬೇಡಿ.

ಪಿಎಸ್5 ತಗೊಳ್ಲಾ, ಪಿಸಿ ಕಟ್ಟಿಸ್ಲಾ?

ಓದಿಗೆ, ಕೆಲಸಕ್ಕೆ ಕಂಪ್ಯೂಟರ್ ಹೇಗೂ ಬೇಕಿದ್ದರೆ ಪಿಸಿ. ಆದರೆ 2025ರ ಕೊನೆಯಿಂದ ಎಐ ಡೇಟಾ ಸೆಂಟರ್‌ಗಳ ಬೇಡಿಕೆಯಿಂದ ರ‍್ಯಾಮ್ ಬೆಲೆ ವಿಪರೀತ ಏರಿದೆ. ಬೆಂಗಳೂರಿನ ಎಸ್.ಪಿ. ರೋಡ್‌ಗೆ ಹೋಗುವ ಮೊದಲು ಆ ದಿನದ ಬೆಲೆ ಫೋನಿನಲ್ಲೇ ಕೇಳಿಕೊಳ್ಳಿ. ಬರೀ ಆಟಕ್ಕೆ ಅಂದರೆ ಪಿಎಸ್5, ಅದೂ ಡಿಸ್ಕ್ ಹಾಕುವ ಮಾದರಿ. ಡಿಸ್ಕ್ ಆದರೆ ಆಡಿ ಮುಗಿಸಿ ಮಾರಬಹುದು, ಗೆಳೆಯನ ಜೊತೆ ಬದಲಾಯಿಸಿಕೊಳ್ಳಬಹುದು. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ 2024ರ ‘ಆ್ಯಸ್ಟ್ರೋ ಬಾಟ್’ ಒಂದಕ್ಕೇ ಪಿಎಸ್5 ಸಾರ್ಥಕ.

ಸರ್ಕಾರ ಆನ್‌ಲೈನ್ ಗೇಮ್ ಬ್ಯಾನ್ ಮಾಡಿದೆ ಅಂತ ಅಪ್ಪ ಹೇಳ್ತಾರೆ. ಬಿಜಿಎಂಐ ಆಡಬಹುದಾ?

ಅಪ್ಪನಿಗೆ ಹೀಗೆ ವಿವರಿಸಿ. 2025ರ ಆಗಸ್ಟ್‌ನಲ್ಲಿ ಸಂಸತ್ತು ಪಾಸ್ ಮಾಡಿದ ಕಾಯ್ದೆ ತಡೆದಿರೋದು ದುಡ್ಡು ಕಟ್ಟಿ ದುಡ್ಡು ಗೆಲ್ಲುವ ಆಟಗಳನ್ನ. ಇ–ಸ್ಪೋರ್ಟ್ಸ್‌ಗೆ, ಮನರಂಜನೆಯ ಗೇಮ್‌ಗಳಿಗೆ ಅದೇ ಕಾಯ್ದೆ ಪ್ರೋತ್ಸಾಹದ ಮಾತಾಡುತ್ತೆ. ಗೊಂದಲ ಬರೋದು ಸಹಜ: ಪಬ್‌ಜಿ ಮೊಬೈಲ್ 2020ರ ಸೆಪ್ಟೆಂಬರ್‌ನಲ್ಲಿ ಬ್ಯಾನ್ ಆಯಿತು, 2021ರ ಜುಲೈನಲ್ಲಿ ಬಿಜಿಎಂಐ ಆಗಿ ಬಂತು, 2022ರಲ್ಲಿ ಮತ್ತೆ ಹೋಯಿತು, 2023ರ ಮೇನಲ್ಲಿ ಮತ್ತೆ ಬಂತು. ಆಗ 18ರೊಳಗಿನವರಿಗೆ ದಿನಕ್ಕೆ ಮೂರು ಗಂಟೆ ಅಂತ ಮಿತಿ ಹಾಕಿದ್ದರು. ಪಿಯುಸಿ ವರ್ಷದಲ್ಲಿ ಅದೂ ಹೆಚ್ಚೇ ಅನ್ನೋದು ನನ್ನ ಅಭಿಪ್ರಾಯ. ಗನ್ನಿನ ಬಣ್ಣಕ್ಕೆ ದುಡ್ಡು ಹಾಕೋದನ್ನ ಮಾತ್ರ ಪೂರ್ತಿ ಬಿಡಿ. ಅಪ್ಪನ ಯುಪಿಐ ಪಿನ್ ಆಡುವವರಿಗೆ ಗೊತ್ತಿರಬಾರದು.

ದುಡ್ಡು ಕೊಡದೆ, ಕ್ರ್ಯಾಕ್ ಹಾಕಿದ ಕದ್ದ ಪ್ರತಿ ಆಡಿದ್ರೆ ತಪ್ಪಾ?

ತಪ್ಪೇ. ಎಪಿಕ್ ಅಂಗಡಿಯಲ್ಲಿ ವಾರವಾರ ಉಚಿತ ಗೇಮ್ ಸಿಗುತ್ತೆ, ಹಳೆಯ ಒಳ್ಳೆ ಗೇಮ್‌ಗಳು ಸೇಲ್‌ನಲ್ಲಿ ನಾಲ್ಕು ನೂರು ರೂಪಾಯಿಗೆ ಬರುತ್ತವೆ. ಎಲ್ಲಿಂದಲೋ ಇಳಿಸಿದ ಫೈಲ್ ಹಾಕಿ ಮನೆಯವರ ಬ್ಯಾಂಕಿಂಗ್ ನಡೆಯುವ ಕಂಪ್ಯೂಟರನ್ನ ಅಪಾಯಕ್ಕೆ ಒಡ್ಡಬೇಡಿ.

ಕನ್ನಡದಲ್ಲಿ ಆಡುವ ಹಾಗೆ ಯಾವುದಾದರೂ ದೊಡ್ಡ ಗೇಮ್ ಇದೆಯಾ?

ಪಿಸಿಯ ‘ಮೈನ್‌ಕ್ರಾಫ್ಟ್’ ಜಾವಾ ಆವೃತ್ತಿಯ ಭಾಷೆಗಳ ಪಟ್ಟಿಯಲ್ಲಿ ಕನ್ನಡ ಇದೆ, ಸ್ವಯಂಸೇವಕರು ಮಾಡಿದ ಅನುವಾದ. ಆ ಕೆಲಸಕ್ಕೆ ನೀವೂ ಸೇರಬಹುದು. ಹಾಗೇ ನೀವು ಆಡಿದ ಗೇಮ್ ಬಗ್ಗೆ ಸ್ಟೀಮ್‌ನಲ್ಲಿ ಕನ್ನಡದಲ್ಲೇ ಬರೆಯಿರಿ. ‘ಚಿಂದಿ ಗುರು’ ಅಂತ ಬರೆದು ಬಿಡಬೇಡಿ. ನಿಮ್ಮ ಗ್ರಾಫಿಕ್ಸ್ ಕಾರ್ಡ್ ಯಾವುದು, ರ‍್ಯಾಮ್ ಎಷ್ಟು, ಎಷ್ಟು ಗಂಟೆ ಆಡಿದಿರಿ, ಎಲ್ಲಿ ಬೇಜಾರಾಗಿ ನಿಲ್ಲಿಸಿದಿರಿ, ನೆಟ್ ಹೋದಾಗ ಏನಾಯಿತು, ಇಷ್ಟು ಬರೆದರೆ ಅರಸೀಕೆರೆಯಲ್ಲೋ ಕೊಪ್ಪದಲ್ಲೋ ಕೂತು ಯೋಚಿಸುತ್ತಿರುವ ಇನ್ನೊಬ್ಬರ ದುಡ್ಡು ಉಳಿಯುತ್ತೆ.

ಜಿಟಿಎ 6 ಯಾವಾಗ ಬರುತ್ತೆ?

ಮೊದಲು 2025 ಅಂದರು, ಆಮೇಲೆ 2026ರ ಮೇ 26, ಆಮೇಲೆ ನವೆಂಬರ್ 19 ಅಂತ ಘೋಷಿಸಿದರು. ಅದೂ ಪಿಎಸ್5 ಮತ್ತು ಎಕ್ಸ್‌ಬಾಕ್ಸ್ ಸೀರೀಸ್‌ಗೆ. ಇದಕ್ಕೋಸ್ಕರ ಈಗಲೇ ಪಿಸಿ ಅಪ್‌ಗ್ರೇಡ್ ಮಾಡಿಸಬೇಡಿ, ಮುಂಗಡ ದುಡ್ಡು ಎಲ್ಲೂ ಕಟ್ಟಬೇಡಿ.